ಸ್ಪೀಕರ್ ಗುಂಡಿ ಇಟ್ಟ ಮಾತ್ರಕ್ಕೆ ಜಾಲತಾಣ ನಮ್ಮದಾಗುವುದಿಲ್ಲ: ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲೆಯ ಸರಕಾರಿ ಕಚೇರಿಗಳ, ಪಂಚಾಯತು ಮತ್ತು ನಗರಸಭೆಗಳ ಜಾಲತಾಣಗಳ ಹೊಣೆ ಹೊತ್ತ ಅಧಿಕಾರಿಗಳಿಗೆ, ಹಾಗೂ ಅವನ್ನು ಕಟ್ಟಿಕೊಡುವ ಗುತ್ತಿಗೆಯವರಿಗೆ.

ಮಾನ್ಯರೆ,

ಇತ್ತೀಚೆಗೆ ನಮ್ಮ ಕಡೆಯ ಒಂದು ಸರಕಾರಿ ಜಾಲತಾಣ ಹೊಸ ರೂಪ ಪಡೆಯಿತು. ಪುಟದ ಮೇಲ್ಗಡೆ ಸ್ಪೀಕರಿನ ಚಿತ್ರವಿರುವ ಒಂದು ಗುಂಡಿ. ಒತ್ತಿದರೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆದ್ದರಿಂದ ತಾಣವು ಇನ್ನು ಮುಂದೆ ಭಿನ್ನಸಾಮರ್ಥ್ಯದವರಿಗೆ ಸಂಪೂರ್ಣ ಸ್ನೇಹಿ ಎಂದು ಪ್ರಕಟಣೆಯೂ ಬಂತು. ಯಾವ ಕಚೇರಿಯದ್ದೆಂದು ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ ಇದು ತಮಗಲ್ಲ ಎಂದು ಸುಮ್ಮನಾಗುತ್ತಾರೆ. ಗುಂಡಿ ಇಟ್ಟು ಕೈತೊಳೆದುಕೊಂಡವರು ಅವರೊಬ್ಬರೇ ಅಲ್ಲ.

ನಾನು ಬದಿಯಡ್ಕದ ಬಳಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡುವ ಅಧ್ಯಾಪಕ. ಕಣ್ಣು ಕಾಣುವುದಿಲ್ಲ. ಹಾಗಾಗಿ ಆ ಗುಂಡಿ ನನಗಾಗಿಯೇ ಇಟ್ಟದ್ದು ಎಂದಾಯಿತು. ಆದರೆ ಅದನ್ನು ಒತ್ತಬೇಕಾದರೆ ಅದು ಎಲ್ಲಿದೆ ಎಂದು ಮೊದಲು ಗೊತ್ತಾಗಬೇಕಲ್ಲ? ಗೊತ್ತಾಗುವುದು ನನ್ನ ಕಂಪ್ಯೂಟರಿನಲ್ಲಿ ಆಗಲೇ ಮಾತಾಡುತ್ತಿರುವ, ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಸ್ಕ್ರೀನ್ ರೀಡರ್ ಇದ್ದ ಮೇಲೆ ನಿಮ್ಮ ಗುಂಡಿ ನನಗೆ ಬೇಡ. ಅದು ಇಲ್ಲದಿದ್ದರೆ ನಿಮ್ಮ ಗುಂಡಿ ನನಗೆ ಸಿಗುವುದೇ ಇಲ್ಲ. ಒತ್ತಿದರೂ ಸುಖವಿಲ್ಲ. ನನ್ನ ಸ್ಕ್ರೀನ್ ರೀಡರ್ ಒಂದು ಕಡೆ, ನಿಮ್ಮ ತಾಣದ ಅಮ್ಮಣ್ಣಿ ಇನ್ನೊಂದು ಕಡೆ, ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ. ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಹುಡುಕಬೇಕಾದ್ದು ಆ ಗದ್ದಲದ ನಡುವೆಯೇ.

ಪಠ್ಯವನ್ನು ಧ್ವನಿಯಾಗಿಸುವ ತಂತ್ರಾಂಶದ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ಅದರ ಜೊತೆಗೇ ನನ್ನ ಸಂಸಾರ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರನ್ನು 2006ರಲ್ಲಿ ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕಲ್ ಕರನ್, ಅವರೂ ಅಂಧರೇ. ಅದರ ಜೊತೆಗೆ ಬರುವ ಇಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ. ಮೂಗಿನಲ್ಲಿ ಮಾತಾಡಿದಂತೆ ಕೇಳುತ್ತದೆ, ಹೊಸಬರು ಕೇಳಿದರೆ ನಗುತ್ತಾರೆ. ನಮಗೆ ಅದರ ಇಂಪು ಬೇಕಾಗಿಲ್ಲ, ವೇಗ ಸಾಕು. ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಉಂಟು. ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಓರ್ಕಾ ಉಂಟು. ಧ್ವನಿಗೆ ಬರಗಾಲವಿಲ್ಲ. ನೀವು ಮತ್ತೊಂದು ಧ್ವನಿ ಕೊಟ್ಟದ್ದು ಯಕ್ಷಗಾನದ ಪ್ರಸಂಗವೇ ಬರೆಯದೆ ಆಟಕ್ಕೆ ಮೈಕ್ ಕಟ್ಟಿಸಿದ ಹಾಗಾಯಿತು.

ಸ್ಕ್ರೀನ್ ರೀಡರ್ ಎಂದರೆ ಪುಟವನ್ನು ಮೇಲಿನಿಂದ ಕೆಳಕ್ಕೆ ಓದಿ ಮುಗಿಸುವ ಯಂತ್ರ ಎಂದು ನಿಮ್ಮಲ್ಲಿ ಹಲವರು ತಿಳಿದಂತಿದೆ. ನಿಮ್ಮ ಗುಂಡಿ ಮಾಡುವುದು ಅದನ್ನೇ. ಮುಖಪುಟ, ನಮ್ಮ ಬಗ್ಗೆ, ಚಿತ್ರಸಂಪುಟ, ಸಂಪರ್ಕಿಸಿ ಎಂದು ಮೆನು ಪೂರ್ತಿ ಹೇಳಿ, ಉದ್ಘಾಟನೆಯ ಸುದ್ದಿ ಹೇಳಿ, ಕೆಳಗಿನ ಹಕ್ಕುಸ್ವಾಮ್ಯದ ಸಾಲಿನವರೆಗೂ ಒಂದೇ ಉಸಿರಿನಲ್ಲಿ ಹೋಗುತ್ತದೆ. ನೀವು ಯಾವತ್ತಾದರೂ ಜಾಲತಾಣವನ್ನು ಹಾಗೆ ಓದಿದ್ದುಂಟೇ? ನೀವು ಕಣ್ಣಾಡಿಸುತ್ತೀರಿ. ನಾವೂ ಹಾಗೆಯೇ. ಎಚ್ ಅಕ್ಷರ ಒತ್ತಿ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಜಿಗಿಯುತ್ತೇವೆ. ಬಿ ಒತ್ತಿದರೆ ಬಟನ್‌ಗಳು, ಎಫ್ ಒತ್ತಿದರೆ ತುಂಬಬೇಕಾದ ಖಾನೆಗಳು. ಕೋಷ್ಟಕದೊಳಗೆ ಹೋದರೆ ಸಾಲು ಸಾಲಾಗಿ, ಕಂಬ ಕಂಬವಾಗಿ ನಡೆಯಬಹುದು. ಪ್ರತಿ ಚೌಕಕ್ಕೂ ಅದರ ತಲೆಬರಹ ಕೇಳಿಸುತ್ತದೆ. ಹೆಸರಿನಲ್ಲಿ ನಕಾರವೋ ಣಕಾರವೋ ಎಂಬ ಅನುಮಾನ ಬಂದರೆ ಅಕ್ಷರ ಅಕ್ಷರವಾಗಿ ಬಿಡಿಸಿ ಕೇಳುತ್ತೇವೆ. ಅರ್ಜಿ ನಂಬರಿನ ಒಂದು ಅಂಕೆ ತಪ್ಪಿದರೆ ಎಷ್ಟು ಅಲೆಯಬೇಕೆಂದು ನಿಮಗೆ ಹೇಳಬೇಕಾಗಿಲ್ಲ.

ಆದರೆ ಹೀಗೆ ಓಡಾಡಲು ದಾರಿ ಪುಟದೊಳಗೇ ಇರಬೇಕು. ಶೀರ್ಷಿಕೆಯನ್ನು ಶೀರ್ಷಿಕೆಯೆಂದೇ ಗುರುತಿಸಿ ಬರೆದಿರಬೇಕು. ಅಕ್ಷರವನ್ನು ದಪ್ಪ ಮಾಡಿ ಕೆಂಪು ಬಣ್ಣ ಬಳಿದರೆ ನಿಮಗೆ ಅದು ಶೀರ್ಷಿಕೆ, ನನಗೆ ಉಳಿದಂತೆ ಇನ್ನೊಂದು ಸಾಲು. ಬಟನ್‌ಗೆ ಹೆಸರು ಇರಬೇಕು. ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಪಾಪ ಏನು ಹೇಳೀತು? ಬಟನ್, ಬಟನ್, ಲಿಂಕ್, ಬಟನ್ ಎನ್ನುತ್ತದೆ. ಅಧಿಸೂಚನೆಗಳ ಪುಟದಲ್ಲಿ ಪ್ರತಿ ಕಡತದ ಎದುರು 'ಇಲ್ಲಿ ಕ್ಲಿಕ್ ಮಾಡಿ' ಎಂದಷ್ಟೇ ಬರೆದಿದ್ದರೆ, ಲಿಂಕುಗಳ ಪಟ್ಟಿ ತೆರೆದಾಗ ನನಗೆ ಕೇಳಿಸುವುದು ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ.

ಒಂದು ಅರ್ಜಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಗುಂಡಿಯ ಬೆಲೆ ತಿಳಿಯುವುದು ಅಲ್ಲಿ. ಹೆಸರಿನ ಖಾನೆಗೆ ಹೋದರೆ 'ಎಡಿಟ್, ಬ್ಲ್ಯಾಂಕ್' ಎಂದು ಕೇಳಿಸಿತು. ಅಂದರೆ ಇಲ್ಲೊಂದು ಖಾಲಿ ಖಾನೆಯಿದೆ, ಯಾವುದಕ್ಕೆಂದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಪಕ್ಕದಲ್ಲಿ 'ಹೆಸರು' ಎಂಬ ಪದ ಇದೆ, ಆದರೆ ಆ ಪದಕ್ಕೂ ಈ ಖಾನೆಗೂ ಸಂಬಂಧ ಕಲ್ಪಿಸುವ ಒಂದು ಸಾಲು ಕೋಡ್ ಬರೆದಿಲ್ಲ. ಊಹಿಸಿಕೊಂಡು ತುಂಬಿದೆ. ಹುಟ್ಟಿದ ದಿನಾಂಕಕ್ಕೆ ಕ್ಯಾಲೆಂಡರು ತೆರೆಯಿತು, ಮೌಸ್ ಇಲ್ಲದೆ ಅದರೊಳಗೆ ಹೋಗುವ ಹಾಗಿಲ್ಲ, ಕೈಯಲ್ಲಿ ಟೈಪ್ ಮಾಡಲು ಬಿಡುವುದಿಲ್ಲ. ನಂತರ ಚಿತ್ರದಲ್ಲಿರುವ ಅಕ್ಷರಗಳನ್ನು ನೋಡಿ ಬರೆಯಿರಿ ಎಂಬ ಕ್ಯಾಪ್ಚಾ. ಕೇಳಿ ಬರೆಯುವ ದಾರಿ ಇಲ್ಲ. ಪಕ್ಕದ ಮನೆಯ ಹುಡುಗನಿಂದ ಅದಿಷ್ಟನ್ನು ಮಾಡಿಸಿ ಸಲ್ಲಿಸು ಎಂದು ಒತ್ತಿದರೆ ಏನೂ ಆಗಲಿಲ್ಲ. ಆಗದ್ದಕ್ಕೆ ಕಾರಣವನ್ನು ಪುಟ ಹೇಳಿತ್ತಂತೆ, ಒಂದು ಖಾನೆಯ ಅಂಚನ್ನು ಕೆಂಪಾಗಿಸಿ! ಅಷ್ಟರಲ್ಲಿ ಸಮಯ ಮೀರಿತು, ಮತ್ತೆ ಮೊದಲಿನಿಂದ. ಇಡೀ ಹೊತ್ತು ಸ್ಪೀಕರ್ ಗುಂಡಿ ಅಲ್ಲೇ ಮೇಲೆ ಇತ್ತು. ಪುಟದಲ್ಲಿ ಬರೆದದ್ದನ್ನು ಅದು ಓದೀತು. ಬರೆಯದೆ ಬಿಟ್ಟದ್ದನ್ನು ಯಾವ ಧ್ವನಿಯೂ ಓದಲಾರದು.

ಕಡತಗಳ ವಿಚಾರಕ್ಕೆ ಬರುತ್ತೇನೆ. ಇದು ನಮ್ಮ ಕನ್ನಡದ್ದೇ ಹಳೆಯ ಕಾಯಿಲೆ, ಗಡಿಯ ಆಚೆಯವರಿಗೂ ಈಚೆಯವರಿಗೂ ಸಮಾನ. ಕನ್ನಡದಲ್ಲಿ ಪ್ರಕಟಣೆ ಹಾಕಿದ್ದೇವೆ ಎನ್ನುತ್ತೀರಿ, ತೆರೆದರೆ ಎರಡರಲ್ಲಿ ಒಂದು. ಒಂದೋ ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸಿದ್ದು. ಅಂದರೆ ಅದು ಅಕ್ಷರದ ಫೋಟೊ. ಇಲ್ಲವೇ 'ನುಡಿ' ಎಂಬ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ್ದು. ಆ ಶೈಲಿಯಲ್ಲಿ 'ಕನ್ನಡ' ಎಂದು ಟೈಪಿಸಿದರೆ ಪರದೆಯ ಮೇಲೆ ಕನ್ನಡ ಎಂದೇ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳು. ಸ್ಕ್ರೀನ್ ರೀಡರಿಗೆ ಕೊಟ್ಟು ಅಕ್ಷರ ಬಿಡಿಸಿ ಹೇಳೆಂದರೆ ಹೀಗೆ ಹೇಳುತ್ತದೆ: ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್. ಒಂದು ಪದಕ್ಕೆ ಇಷ್ಟು. ನಾಲ್ಕು ಪುಟದ ಅಧಿಸೂಚನೆಗೆ ಎಷ್ಟೆಂದು ಲೆಕ್ಕ ಹಾಕಿ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳು ಈಗ ನಿಮ್ಮ ಕಚೇರಿಗಳಲ್ಲಿ ಗುಮಾಸ್ತರಾಗಿದ್ದಾರೆ.

ಫೋಟೊದಿಂದ ಅಕ್ಷರ ಹೆಕ್ಕುವ ತಂತ್ರಜ್ಞಾನ ಬಂದಿದೆಯಲ್ಲ ಎಂದು ನಮ್ಮ ಗುತ್ತಿಗೆಯವರು ಹೇಳುತ್ತಾರೆ. ಬಂದಿದೆ, ನಾನು ಬಳಸುತ್ತೇನೆ. ಅಚ್ಚುಕಟ್ಟಾಗಿ ಅಚ್ಚಾದ ಗದ್ಯವನ್ನು ಬಹುಮಟ್ಟಿಗೆ ಸರಿಯಾಗಿ ಓದುತ್ತದೆ. ಆದರೆ ನೀವು ಏರಿಸುವುದು ಓರೆಯಾಗಿ ಸ್ಕ್ಯಾನ್ ಮಾಡಿದ, ಮೊಹರು ಅಕ್ಷರದ ಮೇಲೆಯೇ ಬಿದ್ದ, ಹೆಚ್ಚಾಗಿ ಕೋಷ್ಟಕದ ರೂಪದ ಕಾಗದ. ಫಲಾನುಭವಿಗಳ ಪಟ್ಟಿಯಲ್ಲಿ ಕಂಬಗಳು ಕಲಸಿಹೋಗಿ ಒಬ್ಬನ ಹೆಸರಿಗೆ ಇನ್ನೊಬ್ಬನ ಮೊತ್ತ ಅಂಟಿಕೊಳ್ಳುತ್ತದೆ. ಧ್ವನಿ ಮಾತ್ರ ಅದನ್ನು ಒಂದಿಷ್ಟೂ ಅನುಮಾನವಿಲ್ಲದೆ, ಸ್ಪಷ್ಟವಾಗಿ ಓದುತ್ತದೆ. ತಪ್ಪನ್ನು ಅಷ್ಟು ಧೈರ್ಯದಿಂದ ಹೇಳುವುದೇ ಅದರ ದೊಡ್ಡ ಅಪಾಯ. ಹತ್ತಂಕಿಯ ಫೋನ್ ನಂಬರನ್ನು ಕೋಟಿಗಳಲ್ಲಿ ಓದುವುದು, 'ಗ್ರಾ.ಪಂ.' ಎಂಬಲ್ಲಿ ಎರಡು ವಾಕ್ಯ ಮುಗಿಸುವುದು ಇತ್ಯಾದಿ ಚಿಲ್ಲರೆ ತೊಂದರೆಗಳಿಗೆ ನಾವು ಒಗ್ಗಿಕೊಂಡಿದ್ದೇವೆ ಬಿಡಿ.

ಕಾಸರಗೋಡಿಗೆ ಬಂದರೆ ಇದಕ್ಕೆಲ್ಲ ಇನ್ನೊಂದು ಗಂಟು. ನಮ್ಮ ಒಂದೇ ಪುಟದಲ್ಲಿ ಮಲಯಾಳ, ಇಂಗ್ಲಿಷ್, ಕನ್ನಡ ಮೂರೂ ಇರುತ್ತವೆ. ಯಾವ ಭಾಗ ಯಾವ ಭಾಷೆ ಎಂದು ಪುಟದ ಕೋಡ್‌ನಲ್ಲಿ ಗುರುತು ಹಾಕಬೇಕು. ಎರಡಕ್ಷರದ ಗುರುತು, ಅಷ್ಟೇ. ವಿಕಲಚೇತನರೂ ಬಳಸಬಲ್ಲ ಜಾಲತಾಣ ಹೇಗಿರಬೇಕೆಂದು ಹೇಳುವ ಜಾಗತಿಕ ಮಾನದಂಡವಾದ ಡಬ್ಲ್ಯುಸಿಎಜಿಯಲ್ಲಿ ಇಡೀ ಪುಟದ ಭಾಷೆ ಹೇಳುವುದು ಮೊದಲ ಮಟ್ಟದ ಕಡ್ಡಾಯ, ನಡುವಿನ ಭಾಗಗಳ ಭಾಷೆ ಹೇಳುವುದು ಎರಡನೆಯ ಮಟ್ಟದ್ದು. ನಮ್ಮಲ್ಲಿ ಮೂರು ಭಾಷೆಯ ಪುಟಕ್ಕೂ ಇಂಗ್ಲಿಷ್ ಎಂದೇ ಗುರುತು ಹಾಕಿಬಿಡುತ್ತಾರೆ, ಏಕೆಂದರೆ ಮಾದರಿ ಪುಟ ಎಲ್ಲಿಂದಲೋ ಎತ್ತಿ ತಂದದ್ದು. ಆಗ ಇಂಗ್ಲಿಷ್ ಧ್ವನಿ ಕೆಲವೊಮ್ಮೆ ಕನ್ನಡದ ಸಾಲುಗಳನ್ನು ಹಾರಿಸಿ ಮುಂದಕ್ಕೆ ಹೋಗುತ್ತದೆ. ಅಲ್ಲಿ ಕನ್ನಡ ಇತ್ತೆಂದೇ ನನಗೆ ತಿಳಿಯುವುದಿಲ್ಲ. ತುಳುವಿನ ಮಾತು ಬೇರೆಯೇ. ಕನ್ನಡ ಲಿಪಿಯ ತುಳುವನ್ನು ಕನ್ನಡ ಧ್ವನಿಗೆ ಓದಲು ಕೊಟ್ಟರೆ ತುಳುವಿನದೇ ಆದ ಸ್ವರಗಳು ಸತ್ತುಹೋಗುತ್ತವೆ. 'ಹೋದೆ', 'ಹೋದ' ಎಂಬೆರಡನ್ನು ತುಳುವಿನಲ್ಲಿ ಬೇರೆ ಮಾಡುವುದು ಕೊನೆಯ ಸ್ವರವೇ ಆದ್ದರಿಂದ, ಯಾರು ಹೋದದ್ದು, ನಾನೋ ಅವನೋ ಎಂಬುದೇ ಗೊಂದಲ.

ಗುಂಡಿಯನ್ನು ಇಷ್ಟು ಬೈದ ಮೇಲೆ ಅದರ ಪರವಾಗಿಯೂ ಒಂದು ಮಾತು ಹೇಳಬೇಕು. ಅದು ನಿಜಕ್ಕೂ ಉಪಯೋಗಕ್ಕೆ ಬರುವವರು ಈ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ. ಎಣ್ಮಕಜೆಯಿಂದ ಮಂಜೇಶ್ವರದವರೆಗೆ ಕನ್ನಡ ಶಾಲೆಯಲ್ಲಿ ಓದಿದ ಹಿರಿಯರನ್ನು ನೋಡಿ. ಪೇಟೆಯಲ್ಲಿ, ಬಸ್ಸಿನಲ್ಲಿ ಮಲಯಾಳ ಸರಾಗವಾಗಿ ಮಾತಾಡುತ್ತಾರೆ, ಕೇಳಿದರೆ ಪೂರಾ ಅರ್ಥವಾಗುತ್ತದೆ, ಲಿಪಿ ಮಾತ್ರ ಓದಲು ಬರುವುದಿಲ್ಲ. ಮಲಯಾಳ ಪುಟವನ್ನು ಗಟ್ಟಿಯಾಗಿ ಓದುವ ಗುಂಡಿ ಅವರಿಗೆ ವರವೇ. ಓದಲು ಕಲಿಯದವರಿಗೆ, ಅಕ್ಷರ ಜೋಡಿಸುವಾಗ ತಡವರಿಸುವ ಮಕ್ಕಳಿಗೆ, ಕನ್ನಡಕ ಮರೆತು ಬಂದ ಅಜ್ಜಂದಿರಿಗೂ ಹೌದು. ಹಾಗಾಗಿ ಗುಂಡಿ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಅದು ಅವರಿಗಾಗಿ ಇರಲಿ. ಅದನ್ನು ತೋರಿಸಿ ನನ್ನ ಲೆಕ್ಕ ಚುಕ್ತಾ ಮಾಡಬೇಡಿ. (ಅಂದ ಹಾಗೆ, ಮಲಯಾಳ ಪುಟ ಓದಿಸಿ ಕೇಳುವ ಸೌಕರ್ಯ ಸಿಕ್ಕಿತೆಂದು ಕನ್ನಡದ ಪುಟ ಇಲ್ಲದಿದ್ದರೂ ಆದೀತು ಎಂಬ ತೀರ್ಮಾನಕ್ಕೂ ಬರಬೇಡಿ.)

ಮತ್ತೆ, ಅಂಗವೈಕಲ್ಯ ಎಂದ ಕೂಡಲೇ ಕುರುಡುತನ ಒಂದೇ ನೆನಪಾಗುವುದು ಯಾಕೆ? 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಕಿವಿ ಕೇಳದವನಿಗೆ ಸ್ಪೀಕರ್ ಗುಂಡಿಯಿಂದ ಏನಾಗಬೇಕು? ಅವನಿಗೆ ನಿಮ್ಮ ವಿಡಿಯೊದ ಕೆಳಗೆ ಬರಹ ಬೇಕು. ಕಣ್ಣೂ ಕಿವಿಯೂ ಇಲ್ಲದವರು ಪುಟವನ್ನು ಬೆರಳಿನಡಿಯ ಬ್ರೈಲ್ ಚುಕ್ಕಿಗಳಾಗಿ ಓದುತ್ತಾರೆ, ಅದಕ್ಕೂ ಒಳಗೆ ನಿಜವಾದ ಪಠ್ಯ ಇರಲೇಬೇಕು. ಕೈ ನಡುಗುವವರಿಗೆ ದೊಡ್ಡ ಬಟನ್, ಸಾವಕಾಶ, ಮೌಸ್ ಇಲ್ಲದೆ ಮುಗಿಸುವ ದಾರಿ ಬೇಕು. ಮಂದದೃಷ್ಟಿಯವರಿಗೆ ಬಿಳಿಯ ಮೇಲೆ ತಿಳಿಬೂದು ಅಕ್ಷರ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕೆಂದು ಮಾನದಂಡವೇ ಹೇಳುತ್ತದೆ.

ಈ ಮಾತನ್ನು ಬೇರೆ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾದೀತು, ಕಾಸರಗೋಡಿನವರಿಗೆ ಬೇಡ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 2000ದವರೆಗೆ. ಅದರ ಫಲ ಉಂಡ ಮಕ್ಕಳು ಪಡ್ರೆ, ಸ್ವರ್ಗ, ಮುಳಿಯಾರು ಎಂಬ ಊರುಗಳ ಮನೆಗಳಲ್ಲಿ ಇದ್ದಾರೆ. ಈಗ ಅವರು ಮಕ್ಕಳಲ್ಲ, ಸಾಕುವ ತಾಯಂದಿರಿಗೆ ವಯಸ್ಸಾಗಿದೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. ಪರಿಹಾರವಿರಲಿ, ಪಿಂಚಣಿಯಿರಲಿ, ಕಾರ್ಡು ಇರಲಿ, ಇಂದು ಎಲ್ಲದರ ಬಾಗಿಲೂ ಯಾವುದೋ ಒಂದು ಪರದೆಯ ಮೇಲೆಯೇ ತೆರೆಯುವುದು. ಇಡೀ ದೇಶದಲ್ಲಿ ಸುಗಮ ಜಾಲತಾಣ ಹೇಗಿರಬೇಕೆಂದು ತೋರಿಸಿಕೊಡಬೇಕಾದ ಜಿಲ್ಲೆ ಒಂದಿದ್ದರೆ ಅದು ನಮ್ಮದು.

ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಮಾಡಿಸಿಕೊಳ್ಳಬಹುದಲ್ಲ ಎಂದು ನೀವು ಕೇಳುತ್ತೀರಿ. ಹೋಗುತ್ತೇವೆ, ಪಿಂಚಣಿ ಪಡೆಯುವವರು ಬದುಕಿದ್ದಾರೆಂದು ಖಾತ್ರಿ ಮಾಡಿಕೊಳ್ಳುವ ಮಸ್ಟರಿಂಗ್ ಸಮಯದಲ್ಲಿ ಅಲ್ಲಿ ಸಾಲು ನಿಂತ ಅಭ್ಯಾಸವೂ ಉಂಟು. ಅಲ್ಲಿನವರು ಒಳ್ಳೆಯವರು, ನಮ್ಮನ್ನು ಕಂಡರೆ ಕುರ್ಚಿ ಬಿಟ್ಟುಕೊಡುತ್ತಾರೆ. ಆದರೆ ಅಲ್ಲಿ ನಾನು ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳಬೇಕು, ಬಂದ ಒಟಿಪಿಯನ್ನು ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಹೇಳಬೇಕು, ಬ್ಯಾಂಕ್ ಖಾತೆ, ವೈದ್ಯಕೀಯ ಪತ್ರ ಎಲ್ಲವನ್ನೂ ಬಿಚ್ಚಿಡಬೇಕು. ಒಟಿಪಿ ಯಾರಿಗೂ ಹೇಳಬೇಡಿ ಎಂದು ನೀವೇ ಸಂದೇಶ ಕಳಿಸುತ್ತೀರಿ. 2025ರ ಆಗಸ್ಟ್ 21ರಂದು ಕೇರಳವು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಎಂದು ಘೋಷಣೆಯಾಯಿತು. ನಾನೂ ಆ ಸಾಕ್ಷರರಲ್ಲಿ ಒಬ್ಬ. ಓದು ಬರಹ ಬಂದವನಿಗೆ ಓದಲಾಗದ ಪುಟ ಕೊಟ್ಟರೆ ಸಾಕ್ಷರತೆಯ ತರಗತಿ ನಡೆಸಬೇಕಾದದ್ದು ಪುಟ ಮಾಡಿದವರಿಗೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಕಡತ ನಿಮ್ಮ ಬಳಿಯೇ ಇರುತ್ತದೆ. ಭಾರತ ಸರಕಾರದ ಜಾಲತಾಣಗಳ ಮಾರ್ಗಸೂಚಿ 2009ರಲ್ಲೇ ಬಂತು, ಮೂರನೆಯ ಆವೃತ್ತಿ 2023ರದ್ದು. ಡಿಜಿಟಲ್ ಸುಗಮತೆಗೆಂದೇ ಭಾರತೀಯ ಮಾನಕ ಸಂಸ್ಥೆಯ ಐಎಸ್ 17802 ಎಂಬ ಮಾನದಂಡವೂ ಇದೆ. ಇವೆಲ್ಲ ಬರಿಯ ಸಲಹೆ ಎಂದು ಬದಿಗಿಡುವ ಕಾಲ ಮುಗಿಯಿತು: ರಾಜೀವ್ ರತೂರಿ ಎಂಬವರು ಹೂಡಿದ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಸುಗಮತೆಯ ನಿಯಮಗಳನ್ನು ಬರಿಯ ಶಿಫಾರಸಿನ ಮಟ್ಟಕ್ಕೆ ಇಳಿಸಿದ್ದೇ ಮೂಲ ಕಾಯಿದೆಗೆ ವಿರುದ್ಧ ಎಂದಿತು, ಕಡ್ಡಾಯ ನಿಯಮ ಮಾಡಿ ಎಂದಿತು. 2025ರ ಏಪ್ರಿಲ್ 30ರಂದು, ಆಸಿಡ್ ದಾಳಿಗೆ ಒಳಗಾದವರು ಮತ್ತು ಒಬ್ಬ ಅಂಧ ವಕೀಲರು ಸಲ್ಲಿಸಿದ ಅರ್ಜಿಗಳಲ್ಲಿ, ಡಿಜಿಟಲ್ ಸೇವೆಗಳು ಕೈಗೆಟಕುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಅವರು ಕೋರ್ಟಿಗೆ ಹೋದದ್ದು ಧ್ವನಿ ಬೇಕೆಂದಲ್ಲ. ಬ್ಯಾಂಕಿನಂಥ ಕಡೆ ಕ್ಯಾಮೆರಾದ ಎದುರು ಕಣ್ಣು ಮಿಟುಕಿಸಿ ಗುರುತು ತೋರಿಸು ಎನ್ನುವ ಪದ್ಧತಿ ತಮ್ಮಿಂದಾಗದು ಎಂದು.

ಗುಂಡಿ ಮಾರುವವರ ಬಗ್ಗೆಯೂ ಎಚ್ಚರವಿರಲಿ. ಒಂದು ಸಾಲು ಕೋಡ್ ಅಂಟಿಸಿ, ನಿಮ್ಮ ತಾಣ ತಾನಾಗಿ ಎಲ್ಲ ಮಾನದಂಡಗಳಿಗೂ ಸರಿಹೊಂದುತ್ತದೆ ಎನ್ನುವ ಉಪಕರಣಗಳು ಮಾರುಕಟ್ಟೆಯಲ್ಲಿವೆ. ಇಂಥದೇ ಹೇಳಿಕೆ ಕೊಟ್ಟು ಉಪಕರಣ ಮಾರುತ್ತಿದ್ದ ಆ್ಯಕ್ಸೆಸ್ಸಿಬಿ ಎಂಬ ಕಂಪನಿ 10 ಲಕ್ಷ ಡಾಲರ್ ಕಟ್ಟಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು. ಹೇಳಿಕೆ ದಾರಿತಪ್ಪಿಸುವಂಥದು ಎಂಬುದು ಆರೋಪವಾಗಿತ್ತು.

ಇನ್ನು ನಾನು ಕೇಳುವುದು. ಮುಂದಿನ ಟೆಂಡರಿನಲ್ಲಿ 'ಧ್ವನಿ ಸೌಲಭ್ಯ ಇರಬೇಕು' ಎಂಬ ಸಾಲಿನ ಬದಲು ಐಎಸ್ 17802 ಪಾಲಿಸಿರಬೇಕು ಎಂದು ಬರೆಯಿರಿ, ಕೊನೆಯ ಕಂತಿನ ಹಣವನ್ನು ಅದರ ಪರೀಕ್ಷೆ ಮುಗಿಯುವವರೆಗೆ ತಡೆದಿಡಿ. ಪರೀಕ್ಷೆಯನ್ನು ಯಂತ್ರಕ್ಕೆ ಒಪ್ಪಿಸಿ ಸುಮ್ಮನಾಗಬೇಡಿ. ಚಿತ್ರಕ್ಕೆ ವಿವರಣೆ ಇದೆಯೇ ಎಂದು ಯಂತ್ರ ಹೇಳಬಲ್ಲದು. ಆ ವಿವರಣೆ 'ಫೋಟೊ 1' ಎಂದಷ್ಟೇ ಇದ್ದರೆ ಅದು ಯಾರಿಗೂ ಪ್ರಯೋಜನವಿಲ್ಲ ಎಂದು ಅದಕ್ಕೆ ಹೊಳೆಯದು. ಮನುಷ್ಯರನ್ನು ಕೂರಿಸಿ, ಸಂಬಳ ಕೊಟ್ಟು ಕೂರಿಸಿ. ಈ ಜಿಲ್ಲೆಯಲ್ಲಿ ಸ್ಕ್ರೀನ್ ರೀಡರ್ ಬಳಸಿ ಪದವಿ ಮುಗಿಸಿದ ಹುಡುಗರು ಇದ್ದಾರೆ, ಅವರಿಗೂ ಕೆಲಸವಾಗುತ್ತದೆ. ಎಲ್ಲಕ್ಕಿಂತ ಮೊದಲು ಮತ್ತು ಎಲ್ಲಕ್ಕಿಂತ ಅಗ್ಗಕ್ಕೆ ಆಗುವುದು ಕಡತಗಳ ಕೆಲಸ. ಸಹಿ ಮೊಹರಿನ ಸ್ಕ್ಯಾನ್ ಇರಲೇಬೇಕೆಂದರೆ ಇರಲಿ, ಅದರ ಪಕ್ಕದಲ್ಲಿ ಅದೇ ಪ್ರಕಟಣೆಯನ್ನು ಯೂನಿಕೋಡ್ ಕನ್ನಡದಲ್ಲಿ ಪುಟವಾಗಿಯೇ ಹಾಕಿ. ಟೈಪಿಸಿದ ಕಡತ ನಿಮ್ಮ ಗುಮಾಸ್ತರ ಕಂಪ್ಯೂಟರಿನಲ್ಲಿ ಹೇಗೂ ಇರುತ್ತದೆ. ಮುದ್ರಿಸಿ, ಸಹಿ ಮಾಡಿ, ಮತ್ತೆ ಸ್ಕ್ಯಾನ್ ಮಾಡಿ ಅದನ್ನು ಕುರುಡಾಗಿಸುವುದಕ್ಕೇ ಹೆಚ್ಚು ಶ್ರಮ. ಇಷ್ಟು ಆಗುವವರೆಗೆ 'ಸಂಪೂರ್ಣ ಸ್ನೇಹಿ' ಎಂಬ ಫಲಕವನ್ನು ಇಳಿಸಿಡಿ. ತಾಣದಲ್ಲಿ ತೊಂದರೆಯಾದರೆ ಯಾರಿಗೆ ಹೇಳಬೇಕೆಂದು ಒಬ್ಬ ಅಧಿಕಾರಿಯ ಹುದ್ದೆ, ಫೋನ್ ನಂಬರು ಕೊಡಿ. ಆ ನಂಬರನ್ನಾದರೂ ಚಿತ್ರವಾಗಿ ಹಾಕಬೇಡಿ.

ಈ ಪತ್ರಕ್ಕೆ ಉತ್ತರ ಬರುವುದಾದರೆ ಕನ್ನಡದಲ್ಲಿ ಬರಲಿ. ಇಲ್ಲಿನ ಕನ್ನಡಿಗರು ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರಿಸಬೇಕೆಂದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ಹೇಳಿದೆ. ಉತ್ತರವನ್ನು ಸ್ಕ್ಯಾನ್ ಮಾಡಿ ಕಳಿಸಬೇಡಿ, ಟೈಪಿಸಿದ ಮೂಲವನ್ನೇ ಇಮೇಲ್ ಮಾಡಿ. ಓದಿಕೊಳ್ಳುವ ಏರ್ಪಾಡು ನನ್ನ ಬಳಿ ಇದೆ.

ಇತಿ,
ಬದಿಯಡ್ಕದ ಬಳಿಯ ಒಬ್ಬ ಕನ್ನಡ ಅಧ್ಯಾಪಕ